ದೂರದ ಯುದ್ಧ ನಮ್ಮ ಸಂತೆಗೆ ಹೇಗೆ ಬರುತ್ತದೆ?

2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ಉಕ್ರೇನಿನೊಳಗೆ ನುಗ್ಗಿತು. ಕೆಲವೇ ವಾರಗಳಲ್ಲಿ ಚಿಂತಾಮಣಿ, ಗೌರಿಬಿದನೂರಿನ ಕಿರಾಣಿ ಅಂಗಡಿಗಳಲ್ಲಿ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿತು. ಬಿತ್ತನೆ ಹತ್ತಿರ ಬಂದಂತೆ ಡಿಎಪಿ ಗೊಬ್ಬರ ಸಿಗುತ್ತೋ ಇಲ್ವೋ ಎಂದು ರೈತರು ಚಿಂತೆಗೆ ಬಿದ್ದರು. ಈಗಲೂ ಪಶ್ಚಿಮ ಏಷ್ಯಾದಲ್ಲಿ ಕ್ಷಿಪಣಿ ಹಾರಿತು ಅಂದರೆ ಸಾಕು, ಪೆಟ್ರೋಲ್ ಎಷ್ಟಾಗುತ್ತೆ, ಮದುವೆಗೆ ಚಿನ್ನ ಈಗಲೇ ತೆಗೆದಿಡಬೇಕಾ ಎಂಬ ಮಾತು ಶುರುವಾಗುತ್ತದೆ.

ಯಾರದೋ ಜಗಳಕ್ಕೆ ನಾವೇಕೆ ಹಣ ಕಟ್ಟಬೇಕು? ಈ ಪ್ರಶ್ನೆ ತೀರಾ ನ್ಯಾಯವಾದದ್ದು. ಉತ್ತರ ಬೇಕಾದರೆ ಕಳೆದ ಎರಡು ನೂರು ವರ್ಷಗಳಲ್ಲಿ ಯುದ್ಧ ಹೇಗೆ ಬದಲಾಯಿತು ಎಂದು ನೋಡಬೇಕು. ಅದಕ್ಕಾಗಿ ಯುರೋಪಿಗೇ ಹೋಗಬೇಕಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲೇ ಆ ಬದಲಾವಣೆಯ ಗುರುತುಗಳು ಇವೆ.

ಹಳೆಯ ಯುದ್ಧಕ್ಕೂ ಹೊಸದಕ್ಕೂ ಏನು ವ್ಯತ್ಯಾಸ?

ಹಳೆಯ ಯುದ್ಧದಲ್ಲೂ ಜನ ನರಳುತ್ತಿದ್ದರು. ದಂಡು ಹಾದು ಹೋದ ದಾರಿಯಲ್ಲಿ ಬೆಳೆ ಉಳಿಯುತ್ತಿರಲಿಲ್ಲ. ಆದರೆ ದಂಡು ಬಾರದ ಊರಿನವರು ಬಹುಮಟ್ಟಿಗೆ ತಮ್ಮ ಪಾಡಿಗೆ ತಾವು ಇರಬಹುದಿತ್ತು. ರಾಜ ಬದಲಾದರೂ ಕಂದಾಯ ಕಟ್ಟುವುದು ತಪ್ಪುತ್ತಿರಲಿಲ್ಲ, ಅಷ್ಟೇ.

ಆಧುನಿಕ ಯುದ್ಧದಲ್ಲಿ ಸೈನಿಕ ಒಂದು ತುದಿ ಮಾತ್ರ. ಅವನ ಹಿಂದೆ ಕಾರ್ಖಾನೆ, ರೈಲು, ಹಡಗು, ಬ್ಯಾಂಕು, ಹೊಲ, ಗಣಿ ಎಲ್ಲವೂ ಸಾಲಾಗಿ ನಿಂತಿರುತ್ತವೆ. ಹಿಂದಿರುವುದನ್ನು ಕಡಿದರೆ ಮುಂದಿರುವವನು ಸೋಲುತ್ತಾನೆ. ಹಾಗಾಗಿ ಶತ್ರುವಿನ ಸೇನೆಯ ಜೊತೆಗೆ ಅವನ ಅನ್ನ, ಎಣ್ಣೆ, ದುಡ್ಡನ್ನೂ ಗುರಿ ಮಾಡುತ್ತಾರೆ. ಇಡೀ ದೇಶವೇ ಯುದ್ಧಕ್ಕೆ ಇಳಿಯುವ ಈ ಬಗೆಗೆ 'ಸಮಗ್ರ ಯುದ್ಧ' ಎನ್ನುತ್ತಾರೆ.

ಇದು ಒಂದೇ ದಿನ ಆದದ್ದಲ್ಲ. 1793ರಲ್ಲಿ ಫ್ರಾನ್ಸಿನ ಕ್ರಾಂತಿ ಸರ್ಕಾರ ಮದುವೆಯಾಗದ ಯುವಕರನ್ನೆಲ್ಲ ಸೇನೆಗೆ ಕರೆಯಿತು. ಹೆಂಗಸರು ಡೇರೆ ಹೊಲಿಯಬೇಕು, ಮುದುಕರು ಹುರಿದುಂಬಿಸಬೇಕು ಎಂದು ಆದೇಶದಲ್ಲೇ ಬರೆಯಿತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ರೈಲು ಮತ್ತು ತಂತಿ ಸಂದೇಶ ಸೇನೆಯ ಕೈಗೆ ಬಂದವು. ಅಲ್ಲಿಂದ ಹತ್ತಿ ಬರುವುದು ನಿಂತಾಗ ಇಂಗ್ಲೆಂಡಿನ ಗಿರಣಿಗಳು ಭಾರತದ ಹತ್ತಿಗೆ ಮುಗಿಬಿದ್ದವು. ಇಲ್ಲಿ ಹತ್ತಿಯ ಬೆಲೆ ಗಗನಕ್ಕೇರಿತು. ಆ ಯುದ್ಧ ಮುಗಿದದ್ದೇ ತಡ, ಬೆಲೆ ಕುಸಿಯಿತು. ಈ ಏರಿಳಿತವನ್ನು ನೆನಪಿಟ್ಟುಕೊಳ್ಳಿ. ಮುಂದೆ ರೇಷ್ಮೆಯಲ್ಲೂ ಇದೇ ಕಾಣುತ್ತದೆ.

ನಂದಿ ಬೆಟ್ಟ, ಎತ್ತು ಮತ್ತು ಸಾಲ

ನಮ್ಮ ಕಡೆ ಈ ಬದಲಾವಣೆ ಕಣ್ಣಿಗೆ ಕಾಣುವುದು ಮೈಸೂರು ಯುದ್ಧಗಳಲ್ಲಿ. ಕೋಲಾರ ಜಿಲ್ಲೆಯ ಬೂದಿಕೋಟೆ ಹೈದರಾಲಿ ಹುಟ್ಟಿದ ಊರು. ಅವನ ಮತ್ತು ಮಗ ಟಿಪ್ಪುವಿನ ಸೇನೆ ಕಬ್ಬಿಣದ ಕೊಳವೆಯ ರಾಕೆಟ್ ಬಳಸುತ್ತಿತ್ತು. 1780ರ ಪೊಳ್ಳಿಲೂರು ಕದನದಲ್ಲಿ ಅದರ ಬಿಸಿ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಯ ಸೇನೆಗೆ ತಟ್ಟಿತು. 1799ರಲ್ಲಿ ಟಿಪ್ಪು ಬಿದ್ದ ನಂತರ ಆ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ ಅವುಗಳನ್ನು ನೋಡಿ ತನ್ನವನ್ನು ತಯಾರಿಸಿದ. 1807ರಲ್ಲಿ ಅವು ಕೋಪನ್‌ಹೇಗನ್ ನಗರದ ಮೇಲೆ ಬಿದ್ದವು.

ರಾಕೆಟ್ಟಿನ ಕಥೆ ಎಲ್ಲರಿಗೂ ಗೊತ್ತು. ಎತ್ತಿನ ಕಥೆ ಅಷ್ಟಾಗಿ ಗೊತ್ತಿಲ್ಲ, ಆದರೆ ನನ್ನ ಮಟ್ಟಿಗೆ ಅದೇ ಮುಖ್ಯ. ತೋಪು ಇದ್ದರೆ ಸಾಲದು, ಅದನ್ನು ಎಳೆಯುವವರು ಬೇಕಲ್ವಾ? ಮೈಸೂರು ದೊರೆಗಳು ಅಮೃತಮಹಲ್ ತಳಿಯ ಎತ್ತುಗಳನ್ನು ಸೇನೆಗೆಂದೇ ಬೆಳೆಸಿದರು. ಅವುಗಳ ಮೇವಿಗೆ ಕಾವಲು ಎಂಬ ಹುಲ್ಲುಗಾವಲುಗಳನ್ನು ಮೀಸಲಿಟ್ಟರು. ತುಮಕೂರು ಜಿಲ್ಲೆಯಲ್ಲಿ ಇಂದಿಗೂ ಅಮೃತಮಹಲ್ ಕಾವಲುಗಳಿವೆ. ತಿಪಟೂರು ಬಳಿಯ ಕೊನೇಹಳ್ಳಿಯಲ್ಲಿ ಆ ತಳಿಯ ಸಂವರ್ಧನಾ ಕೇಂದ್ರವಿದೆ. ಟಿಪ್ಪು ಬಿದ್ದ ಮೇಲೆ ಬ್ರಿಟಿಷರು ಈ ದನಗಳನ್ನೂ ತಮ್ಮ ವಶಕ್ಕೆ ತೆಗೆದುಕೊಂಡರು. ಗೆಲುವು ಗುಂಡಿನಷ್ಟೇ ಸಾಗಣೆಯ ಮೇಲೂ ನಿಂತಿದೆ ಎಂಬುದು ಅವರಿಗೆ ಚೆನ್ನಾಗಿ ಅರ್ಥವಾಗಿತ್ತು.

1791ರ ಅಕ್ಟೋಬರಿನಲ್ಲಿ ಕಂಪನಿಯ ಸೇನೆ ನಂದಿದುರ್ಗವನ್ನು ಗೆದ್ದಿತು. ಆ ಬಂಡೆ, ಆ ಕಡಿದಾದ ಏರು ನೋಡಿದವರಿಗೆ ಇದು ಸುಲಭದ ಕೆಲಸವಲ್ಲ ಎಂದು ಗೊತ್ತು. ಭಾರಿ ತೋಪುಗಳನ್ನು ಬೆಟ್ಟದ ಮೇಲೆ ಎಳೆದು ತಂದು ಗೋಡೆ ಒಡೆದರು. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ. 3 ಕೋಟಿ 30 ಲಕ್ಷ ರೂಪಾಯಿ ದಂಡ ಒಪ್ಪಿಕೊಂಡ. ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ.

1799ರಲ್ಲಿ ಒಡೆಯರ ಮನೆತನಕ್ಕೆ ರಾಜ್ಯ ವಾಪಸ್ ಬಂತು. ಆದರೆ ಕಂಪನಿಯ ಸೇನೆಯನ್ನು ಸಾಕಲು ವರ್ಷಕ್ಕೆ 7 ಲಕ್ಷ ವರಹ ಕಟ್ಟಬೇಕಿತ್ತು. ಆ ಹೊರೆ ಕಂದಾಯದ ರೂಪದಲ್ಲಿ ರೈತನ ಹೆಗಲಿಗೆ ಬಂತು. 1830ರಲ್ಲಿ ಶಿವಮೊಗ್ಗ ಸೀಮೆಯ ನಗರ ಎಂಬ ಊರಿನ ಕಡೆ ರೈತರು ದಂಗೆ ಎದ್ದರು. ಅದನ್ನೇ ಕಾರಣ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಆಡಳಿತವನ್ನೇ ಕೈಗೆ ತೆಗೆದುಕೊಂಡರು. ಮತ್ತೆ ಒಡೆಯರ ಕೈಗೆ ಬಂದದ್ದು 1881ರಲ್ಲಿ. ಗುಂಡು ಹಾರುವುದು ನಿಂತು ಮೂರು ದಶಕವಾದ ಮೇಲೂ ಯುದ್ಧದ ಖರ್ಚಿನ ಬಿಲ್ ಬರುತ್ತಲೇ ಇತ್ತು.

ನಾಲ್ಕು ಸಾಮ್ರಾಜ್ಯ, ಒಂದು ರೂಪಾಯಿಯ ನೋಟು

1914ರಿಂದ 1918ರವರೆಗೆ ನಡೆದ ಮೊದಲ ಮಹಾಯುದ್ಧ ಈ ಹೊಸ ಬಗೆಯ ಯುದ್ಧದ ಪೂರ್ಣ ರೂಪ. ಮೆಷಿನ್ ಗನ್ ಎದುರಿಗೆ ಓಡಿ ಹೋಗಿ ಗೆಲ್ಲುವುದು ಆಗದ ಮಾತಾಯಿತು. ಎರಡೂ ಕಡೆಯವರು ಕಂದಕ ತೋಡಿ ಕೂತರು. ಗೆಲುವು ಯಾರ ಬಳಿ ಗುಂಡು, ಆಹಾರ, ಸಾಲ ಮುಗಿಯುವುದಿಲ್ಲವೋ ಅವರದಾಯಿತು. ಮುಗಿದವರ ಸಾಮ್ರಾಜ್ಯಗಳೇ ಉರುಳಿದವು. ರಷ್ಯಾ, ಜರ್ಮನಿ, ಆಸ್ಟ್ರಿಯಾ-ಹಂಗೇರಿ, ಆಟೊಮನ್ ತುರ್ಕಿ, ನಾಲ್ಕೂ ಕಡೆ ದೊರೆಗಳು ಹೋದರು. ಪೋಲೆಂಡ್, ಚೆಕೊಸ್ಲೊವಾಕಿಯಾದಂಥ ದೇಶಗಳು ನಕ್ಷೆಯ ಮೇಲೆ ಬಂದವು. ಇರಾಕ್, ಸಿರಿಯಾ, ಪ್ಯಾಲೆಸ್ಟೈನ್ ಬ್ರಿಟನ್ ಮತ್ತು ಫ್ರಾನ್ಸಿನ ಕೈಗೆ ಹೋದವು. ಆಗ ಎಳೆದ ಗಡಿಗಳ ಜಗಳ ಇನ್ನೂ ನಮ್ಮ ಟಿ.ವಿ.ಯಲ್ಲಿ ಬರುತ್ತಿದೆ.

ಅಲ್ಲಿ ನಮ್ಮವರೂ ಇದ್ದರು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆ ದಳಗಳು ತುರ್ಕಿಯರಿಂದ ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದವು. ಭರ್ಜಿ ಹಿಡಿದ ಸವಾರರು ಮೆಷಿನ್ ಗನ್ ಎದುರಿಸಿದ ಕೊನೆಯ ಕೆಲವು ಕದನಗಳಲ್ಲಿ ಅದೂ ಒಂದು. ಭಾರತದಿಂದ ಹೋದವರು, ಸೈನಿಕರು ಮತ್ತು ಕೂಲಿಗಳು ಸೇರಿ, 13 ಲಕ್ಷಕ್ಕಿಂತ ಜಾಸ್ತಿ. ಸುಮಾರು 74,000 ಜನ ಮರಳಲಿಲ್ಲ.

ಊರಿನಲ್ಲೇ ಉಳಿದವರಿಗೆ ತಟ್ಟಿದ್ದು ಬೆಲೆ. ಯುದ್ಧದ ವರ್ಷಗಳಲ್ಲಿ ಭಾರತದಲ್ಲಿ ಬೆಲೆಗಳು ಹೆಚ್ಚುಕಡಿಮೆ ದುಪ್ಪಟ್ಟಾದವು. ನಾಣ್ಯ ಟಂಕಿಸಲು ಬೆಳ್ಳಿ ಸಾಲದೆ 1917ರ ನವೆಂಬರಿನಲ್ಲಿ ಸರ್ಕಾರ ಮೊದಲ ಬಾರಿಗೆ ಒಂದು ರೂಪಾಯಿಯ ನೋಟು ಅಚ್ಚು ಹಾಕಿಸಿತು. ಸೈನಿಕರ ಹಡಗು, ರೈಲುಗಳ ಜೊತೆ 1918ರ ಇನ್‌ಫ್ಲುಯೆಂಜಾ ಬಂತು. ಭಾರತದಲ್ಲಿ ಅದಕ್ಕೆ ಸತ್ತವರು ಒಂದು ಕೋಟಿಗೂ ಹೆಚ್ಚು. ಯುದ್ಧಕ್ಕೆ ಬಲಿಯಾದ ಭಾರತೀಯರಿಗಿಂತ ನೂರಕ್ಕೂ ಹೆಚ್ಚು ಪಟ್ಟು.

ಯುದ್ಧ ಬಂದರೆ ಚಿನ್ನ ಏಕೆ ಏರುತ್ತದೆ?

ಕೋಲಾರ ಜಿಲ್ಲೆಯವರಿಗೆ ಈ ಪ್ರಶ್ನೆ ಬೇರೆಯವರಿಗಿಂತ ಹತ್ತಿರದ್ದು. 1880ರಿಂದ ಜಾನ್ ಟೇಲರ್ ಕಂಪನಿ ಕೆಜಿಎಫ್‌ನಲ್ಲಿ ಗಣಿ ನಡೆಸಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬೆಂಗಳೂರಿನ ದೀಪಕ್ಕಿಂತ ಮೊದಲು ಈ ಗಣಿಗೆ ಬಂತು. ಅಷ್ಟು ಅವಸರ ಏಕೆ? ಆಗ ಜಗತ್ತಿನ ವ್ಯವಹಾರವೆಲ್ಲ ಚಿನ್ನದ ಮೇಲೆ ನಿಂತಿತ್ತು.

ಆ ಪದ್ಧತಿ ಗಿರವಿ ಅಂಗಡಿಯ ಚೀಟಿಯಂತೆ. ಒಡವೆ ಒಳಗಿದೆ, ಚೀಟಿ ಕೈಯಲ್ಲಿದೆ. ಚೀಟಿ ಕೊಟ್ಟರೆ ಒಡವೆ ಸಿಗುತ್ತದೆ ಎಂಬ ನಂಬಿಕೆಯೇ ಚೀಟಿಯ ಬೆಲೆ. ಆಗಿನ ಪೌಂಡ್ ನೋಟು ಹಾಗೇ ಇತ್ತು. ಬ್ಯಾಂಕಿಗೆ ಕೊಟ್ಟರೆ ಇಂತಿಷ್ಟು ಚಿನ್ನ.

ಯುದ್ಧ ಶುರುವಾದಾಗ ಸರ್ಕಾರಗಳಿಗೆ ಚಿನ್ನಕ್ಕಿಂತ ಎಷ್ಟೋ ಪಾಲು ಜಾಸ್ತಿ ದುಡ್ಡು ಬೇಕಾಯಿತು. 1914ರ ಆಗಸ್ಟ್‌ನಲ್ಲಿ ಜರ್ಮನಿ ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿತು. ಬ್ರಿಟನ್ನಿನಲ್ಲಿ ಚಿನ್ನದ ನಾಣ್ಯದ ಬದಲು ಕಾಗದದ ನೋಟು ಚಲಾವಣೆಗೆ ಬಂತು. ಒಳಗಿರುವ ಒಡವೆ ಅಷ್ಟೇ, ಹೊರಗೆ ಚೀಟಿ ಮಾತ್ರ ಹೆಚ್ಚುತ್ತಾ ಹೋದವು. ಸೋತ ಜರ್ಮನಿಯಲ್ಲಿ ಇದು ಹುಚ್ಚು ಮಟ್ಟಕ್ಕೆ ಹೋಯಿತು. 1923ರ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ಜೀವಮಾನದ ಉಳಿತಾಯ ಕೂಡಿಟ್ಟವರಿಗೆ ಅದರಲ್ಲಿ ಒಂದು ಬ್ರೆಡ್ಡೂ ಸಿಗದಂತಾಯಿತು. ನಡುವರ್ಗದ ಆ ಸಿಟ್ಟು ಮುಂದೆ ಹಿಟ್ಲರನಿಗೆ ಅನುಕೂಲವಾಯಿತು.

ಎರಡನೇ ಮಹಾಯುದ್ಧದ ಕೊನೆಗೆ, 1944ರಲ್ಲಿ, ಡಾಲರನ್ನು ಚಿನ್ನಕ್ಕೆ ಕಟ್ಟಿದರು. ಒಂದು ಔನ್ಸಿಗೆ 35 ಡಾಲರ್. ವಿಯೆಟ್ನಾಂ ಯುದ್ಧದ ಖರ್ಚೂ ಸೇರಿ ಅಮೆರಿಕ ಕೈಮೀರಿ ಡಾಲರ್ ಹೊರಬಿಟ್ಟಿತು. 1971ರ ಆಗಸ್ಟ್ 15ರಂದು ಅಧ್ಯಕ್ಷ ನಿಕ್ಸನ್ ಆ ಗಂಟನ್ನೂ ಬಿಚ್ಚಿದರು. ಇಂದು ಯಾವ ದೊಡ್ಡ ದೇಶದ ನೋಟಿನ ಹಿಂದೆಯೂ ಚಿನ್ನದ ಭರವಸೆ ಇಲ್ಲ. ಆ ದೇಶದ ಮೇಲಿನ ನಂಬಿಕೆ ಮಾತ್ರ ಇದೆ.

ಯುದ್ಧ ಬಂದಾಗ ಅಲ್ಲಾಡುವುದು ಆ ನಂಬಿಕೆಯೇ. 2022ರಲ್ಲಿ ಪಶ್ಚಿಮದ ದೇಶಗಳು ರಷ್ಯಾದ ಕೇಂದ್ರ ಬ್ಯಾಂಕಿನ ಸುಮಾರು 300 ಶತಕೋಟಿ ಡಾಲರ್ ಹಣವನ್ನು ತಡೆಹಿಡಿದವು. ಬೇರೆಯವರ ಬಳಿ ಇಟ್ಟ ದುಡ್ಡು ಒಂದು ರಾತ್ರಿಯಲ್ಲಿ ಸಿಗದಂತಾಗಬಹುದು ಎಂದು ಎಲ್ಲ ದೇಶಗಳೂ ನೋಡಿದವು. ಆ ವರ್ಷ ಮತ್ತು ಮುಂದಿನ ಎರಡು ವರ್ಷ ಜಗತ್ತಿನ ಕೇಂದ್ರ ಬ್ಯಾಂಕುಗಳು ವರ್ಷಕ್ಕೆ 1,000 ಟನ್ನಿಗೂ ಹೆಚ್ಚು ಚಿನ್ನ ಕೊಂಡವು. ಕೋಲಾರದ ಚಿನ್ನದಂಗಡಿಯ ಬೋರ್ಡಿನ ಮೇಲಿನ ದರದಲ್ಲಿ ಈ ಖರೀದಿಯ ಪಾಲೂ ಇದೆ.

ಒಂದು ಮಾತು ಹೇಳದೆ ಇರಲಾಗದು. ಕೆಜಿಎಫ್ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಆಗ ಚಿನ್ನದ ಬೆಲೆ ಔನ್ಸಿಗೆ 300 ಡಾಲರಿಗಿಂತ ಕಡಿಮೆ ಇತ್ತು, ದಶಕಗಳಲ್ಲೇ ಕೆಳಮಟ್ಟ. ಮೂರು ಕಿಲೋಮೀಟರಿಗೂ ಆಳದಿಂದ ತೆಗೆಯುವ ಅದಿರು ಖರ್ಚಿಗೂ ಸಾಲುತ್ತಿರಲಿಲ್ಲ. ಆ ಆಳದಲ್ಲಿ ಬಂಡೆ ಸಿಡಿತ, ಧೂಳಿನಿಂದ ಶ್ವಾಸಕೋಶ ಕೆಟ್ಟುಹೋಗುವ ರೋಗ ಎಲ್ಲವನ್ನೂ ಸಹಿಸಿದ ಕುಟುಂಬಗಳಿಗೆ ಬೆಲೆ ಏರಿದ ಕಾಲದ ಒಂದು ಕಾಸೂ ಸಿಗಲಿಲ್ಲ.

ಪ್ಯಾರಾಚೂಟಿನ ರೇಷ್ಮೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ರಾಜ್ಯದಲ್ಲಿ ರಾಮನಗರದ ನಂತರದ ದೊಡ್ಡ ಹೆಸರು. ಯುದ್ಧಕ್ಕೂ ರೇಷ್ಮೆಗೂ ಏನು ನಂಟು ಅನ್ನಿಸಬಹುದು.

ರೇಷ್ಮೆ ಹಗುರ, ಆದರೆ ಗಟ್ಟಿ. ಮಡಿಸಿದರೆ ಸಣ್ಣ ಚೀಲದಲ್ಲಿ ಕೂರುತ್ತದೆ. ಎಳೆದರೆ ಒಂದಕ್ಕೊಂದು ಅಂಟದೆ ತಟ್ಟನೆ ಬಿಚ್ಚಿಕೊಳ್ಳುತ್ತದೆ. ವಿಮಾನದಿಂದ ಹಾರುವವನ ಜೀವ ಉಳಿಯಬೇಕಾದರೆ ಈ ಎಲ್ಲ ಗುಣವೂ ಬೇಕು. ಇನ್ನೊಂದು ಬಳಕೆಯೂ ಇತ್ತು. ದೊಡ್ಡ ಫಿರಂಗಿಗಳ ಮದ್ದನ್ನು ರೇಷ್ಮೆ ಬಟ್ಟೆಯ ಚೀಲದಲ್ಲಿ ತುಂಬುತ್ತಿದ್ದರು. ರೇಷ್ಮೆ ಪೂರ್ತಿ ಉರಿದುಹೋಗುತ್ತದೆ. ಕೆಂಡ ಉಳಿದು ಮುಂದಿನ ಮದ್ದಿಗೆ ಹೊತ್ತಿಕೊಳ್ಳುವ ಅಪಾಯ ಕಡಿಮೆ.

1930ರ ದಶಕದಲ್ಲಿ ಮೈಸೂರು ಸಂಸ್ಥಾನದ ರೇಷ್ಮೆ ರೈತರು ಕಂಗಾಲಾಗಿದ್ದರು. ಜಗತ್ತಿನಲ್ಲೆಲ್ಲ ಆರ್ಥಿಕ ಹಿಂಜರಿತ. ಅದರ ಜೊತೆ ಜಪಾನಿನ ಅಗ್ಗದ ರೇಷ್ಮೆ ಬಂದು ಬೀಳುತ್ತಿತ್ತು. 1941ರಲ್ಲಿ ಎಲ್ಲ ತಿರುಗುಮುರುಗಾಯಿತು. ಜಪಾನೇ ಶತ್ರುವಾಯಿತು. ಜಗತ್ತಿನ ಅತಿ ದೊಡ್ಡ ರೇಷ್ಮೆ ಮಾರಾಟಗಾರನಿಂದ ಬ್ರಿಟನ್ನಿಗೂ ಅಮೆರಿಕಕ್ಕೂ ಒಂದು ಎಳೆ ಸಿಗದಂತಾಯಿತು. ಪ್ಯಾರಾಚೂಟಿಗೆ ರೇಷ್ಮೆ ಎಲ್ಲಿಂದ? ಮೈಸೂರಿನತ್ತ ಕಣ್ಣು ತಿರುಗಿತು. ಬೆಲೆ ಏರಿತು. ರಾಗಿ ಬೆಳೆಯುತ್ತಿದ್ದ ಹೊಲಗಳಿಗೆ ಹಿಪ್ಪುನೇರಳೆ ಬಂತು. ಮನೆಮನೆಯಲ್ಲಿ ಹುಳು ಸಾಕಣೆ, ಚರಕದ ಮೇಲೆ ನೂಲು ಬಿಚ್ಚುವ ಕೆಲಸ ಹೆಚ್ಚಿತು.

ಆ ನೂಲು ಯಾವ ಆಕಾಶದಲ್ಲಿ ಅರಳಿತು ಎಂದು ಹುಳುವಿಗೆ ಸೊಪ್ಪು ಹಾಕಿದ ಹೆಂಗಸಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಅವಳಿಗೆ ಗೊತ್ತಾದದ್ದು ಗೂಡಿಗೆ ಒಳ್ಳೆ ಬೆಲೆ ಬಂತು ಎಂಬುದು ಮಾತ್ರ.

ಆದರೆ ಅದೇ ಯುದ್ಧ ರೇಷ್ಮೆಗೆ ಎದುರಾಳಿಯನ್ನೂ ಬೆಳೆಸಿತು. ಅಮೆರಿಕದಲ್ಲಿ ಹೊಸದಾಗಿ ಬಂದಿದ್ದ ನೈಲಾನನ್ನು ಪ್ಯಾರಾಚೂಟಿಗೆ ಬಳಸತೊಡಗಿದರು. ಯುದ್ಧ ಮುಗಿಯಿತು, ಸೇನೆಯ ಬೇಡಿಕೆ ನಿಂತಿತು, ರೇಷ್ಮೆಯ ಬೆಲೆ ಬಿತ್ತು. ಕೇಂದ್ರ ರೇಷ್ಮೆ ಮಂಡಳಿ ಹುಟ್ಟಿದ್ದು 1949ರಲ್ಲಿ. ಆ ಏಳುಬೀಳಿನಲ್ಲಿ ಉದ್ಯಮ ಮುಳುಗದಂತೆ ನೋಡಿಕೊಳ್ಳಬೇಕಾದ ಹೊತ್ತು ಅದು.

ರೇಷನ್ ಅಂಗಡಿ ಎಲ್ಲಿಂದ ಬಂತು?

1942ರ ಮಾರ್ಚ್‌ನಲ್ಲಿ ಜಪಾನೀಯರು ರಂಗೂನ್ ಹಿಡಿದರು. ಬರ್ಮಾದ ಅಕ್ಕಿ ಭಾರತಕ್ಕೆ ಬರುವುದು ನಿಂತಿತು. ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬ್ ಬಿತ್ತು. ಆದರೆ ಬಾಂಬಿಗಿಂತ ಹೆಚ್ಚು ಜನರನ್ನು ಕೊಂದದ್ದು ಹಸಿವು.

ಅದು ಹೇಗೆ ನಡೆಯಿತು ಎಂದು ನಿಧಾನವಾಗಿ ನೋಡೋಣ. ಬ್ರಿಟನ್ ಯುದ್ಧಕ್ಕೆ ಬೇಕಾದ ಬಟ್ಟೆ, ಧಾನ್ಯ, ಸಾಮಾನುಗಳನ್ನು ಭಾರತದಲ್ಲಿ ಕೊಂಡಿತು. ಅದರ ಹಣ ಇಲ್ಲಿಗೆ ಬರಲಿಲ್ಲ. ಲಂಡನ್ನಿನಲ್ಲಿ ಭಾರತದ ಲೆಕ್ಕಕ್ಕೆ ಪೌಂಡ್ ಬರೆದಿಟ್ಟರು. ಇಲ್ಲಿ ಮಾರಿದವರಿಗೆ ಕೊಡಲು ರಿಸರ್ವ್ ಬ್ಯಾಂಕ್ ಹೊಸ ರೂಪಾಯಿ ನೋಟು ಹೊರಡಿಸಿತು. ಸಾಮಾನು ಕಡಿಮೆಯಾಯಿತು, ನೋಟು ಹಲವು ಪಟ್ಟು ಹೆಚ್ಚಿತು. ಬೆಲೆ ಏರದೆ ಇನ್ನೇನಾಗುತ್ತದೆ? ಕೈಯಲ್ಲಿ ಸಂಬಳ ಇದ್ದವರು, ಸೇನೆಯ ಗುತ್ತಿಗೆದಾರರು ಹೇಗೋ ಕೊಂಡರು. ಕೂಲಿಯವರು, ಮೀನುಗಾರರು, ಭೂಮಿ ಇಲ್ಲದವರು ಕೊಳ್ಳಲಾಗಲಿಲ್ಲ. ಬಂಗಾಳದಲ್ಲಿ ಜಪಾನೀಯರ ಕೈಗೆ ಸಿಗಬಾರದೆಂದು ದೋಣಿಗಳನ್ನೂ ಅಕ್ಕಿಯನ್ನೂ ಸರ್ಕಾರವೇ ಕಸಿದುಕೊಂಡಿತ್ತು. 1943ರ ಆ ಬರಗಾಲದಲ್ಲಿ ಸತ್ತವರು 20ರಿಂದ 30 ಲಕ್ಷ. ಅವರಲ್ಲಿ ಯಾರೂ ಯುದ್ಧ ಮಾಡಿದವರಲ್ಲ.

ಆ ಭಯದಲ್ಲೇ ದೇಶದ ನಗರಗಳಿಗೆ ರೇಷನ್ ಪದ್ಧತಿ ಹರಡಿತು. ಬೆಲೆ ನಿಯಂತ್ರಿಸುವ, ದಾಸ್ತಾನು ಹಿಡಿಯುವ ಅಧಿಕಾರ ಭಾರತ ರಕ್ಷಣಾ ನಿಯಮಗಳಿಂದ ಸರ್ಕಾರಕ್ಕೆ ಬಂತು. ಯುದ್ಧ ಮುಗಿದರೂ ಅದು ಹೋಗಲಿಲ್ಲ. 1946ರಲ್ಲಿ ತಾತ್ಕಾಲಿಕ ಕಾಯ್ದೆಯಾಗಿ, 1955ರಲ್ಲಿ ಅಗತ್ಯ ವಸ್ತುಗಳ ಕಾಯ್ದೆಯಾಗಿ ಮುಂದುವರಿಯಿತು. ಇಂದಿನ ನ್ಯಾಯಬೆಲೆ ಅಂಗಡಿಯ ಬೇರು ಅಲ್ಲಿದೆ.

ಲಂಡನ್ನಿನಲ್ಲಿ ಬರೆದಿಟ್ಟ ಆ ಲೆಕ್ಕ ಏನಾಯಿತು? ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ ಭಾರತಕ್ಕೆ 100 ಕೋಟಿ ಪೌಂಡಿಗಿಂತ ಜಾಸ್ತಿ ಬಾಕಿ ಇತ್ತು. ಸಾಲ ಕೊಟ್ಟವನು ಸಾಲಗಾರನಾದ. 25 ಲಕ್ಷ ಭಾರತೀಯರು ಆ ಯುದ್ಧದಲ್ಲಿ ಸೇನೆಯಲ್ಲಿದ್ದರು. 1946ರಲ್ಲಿ ಮುಂಬೈಯಲ್ಲಿ ನೌಕಾಪಡೆಯ ನಾವಿಕರೇ ಬಂಡೆದ್ದರು. ಸ್ವಾತಂತ್ರ್ಯ ಚಳವಳಿ ದಶಕಗಳಿಂದ ತಳ್ಳುತ್ತಿದ್ದ ಬಾಗಿಲನ್ನು ಹಿಡಿದು ನಿಲ್ಲುವಷ್ಟು ದುಡ್ಡೂ ಬಲವೂ ಬ್ರಿಟನ್ನಿನ ಬಳಿ ಉಳಿದಿರಲಿಲ್ಲ.

ಯೂರಿಯಾ ಚೀಲದೊಳಗಿನ ಮಹಾಯುದ್ಧ

ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವಿದೆ. ಗಿಡ ಅದನ್ನು ನೇರವಾಗಿ ತಿನ್ನಲಾರದು. ಜರ್ಮನಿಯ ಫ್ರಿಟ್ಜ್ ಹೇಬರ್ ಗಾಳಿಯಿಂದ ಅಮೋನಿಯಾ ತಯಾರಿಸುವ ದಾರಿ ಕಂಡುಹಿಡಿದರು. ಕಾರ್ಲ್ ಬಾಷ್ ಅದನ್ನು 1913ರಲ್ಲಿ ಕಾರ್ಖಾನೆಗೆ ತಂದರು. ಮರುವರ್ಷವೇ ಯುದ್ಧ ಬಂತು. ಚಿಲಿ ದೇಶದಿಂದ ಬರುತ್ತಿದ್ದ ನೈಟ್ರೇಟ್ ಎಂಬ ಸಾರಜನಕದ ಉಪ್ಪಿನಿಂದ ಜರ್ಮನಿ ಸ್ಫೋಟಕ ತಯಾರಿಸುತ್ತಿತ್ತು. ಬ್ರಿಟಿಷ್ ನೌಕಾಪಡೆ ಆ ಹಡಗುಗಳ ದಾರಿ ಕಟ್ಟಿತು. ಆಗ ಗೊಬ್ಬರಕ್ಕೆಂದು ಬಂದ ಅಮೋನಿಯಾವೇ ಸ್ಫೋಟಕವಾಯಿತು. ಅದಿಲ್ಲದಿದ್ದರೆ ಜರ್ಮನಿ ನಾಲ್ಕು ವರ್ಷ ನಿಲ್ಲುತ್ತಿರಲಿಲ್ಲ. 1915ರಲ್ಲಿ ಬೆಲ್ಜಿಯಂನ ಈಪ್ರೆಯಲ್ಲಿ ಕ್ಲೋರಿನ್ ವಿಷಾನಿಲ ಬಿಟ್ಟ ಕೆಲಸದ ಮೇಲ್ವಿಚಾರಣೆಯೂ ಹೇಬರ್ ಅವರದೇ.

ಇಂದು ಮುಳಬಾಗಿಲಿನ ಟೊಮೆಟೊ ತೋಟಕ್ಕೆ, ಮಧುಗಿರಿಯ ಜೋಳಕ್ಕೆ ಹಾಕುವ ಯೂರಿಯಾ ಅದೇ ವಿಧಾನದಿಂದ ಬಂದದ್ದು. ಅದನ್ನು ತಯಾರಿಸಲು ನೈಸರ್ಗಿಕ ಅನಿಲ ಬೇಕು. ಅದರ ದೊಡ್ಡ ಪಾಲು ಕತಾರ್‌ನಂಥ ಕೊಲ್ಲಿ ದೇಶಗಳಿಂದ ಹಡಗಿನಲ್ಲಿ ಬರುತ್ತದೆ. ಆ ಹಡಗುಗಳು ಇರಾನ್ ಪಕ್ಕದ ಹೊರ್ಮುಜ್ ಜಲಸಂಧಿ ದಾಟಿಯೇ ಬರಬೇಕು. ಪೊಟ್ಯಾಷ್ ಅಂತೂ ಪೂರ್ತಿ ಆಮದು. ರಷ್ಯಾ, ಬೆಲಾರುಸ್ ಅದರ ದೊಡ್ಡ ಮೂಲಗಳು.

ಹಾಗಿದ್ದರೆ 2022ರಲ್ಲಿ ಯೂರಿಯಾ ಚೀಲದ ಬೆಲೆ ಏಕೆ ಏರಲಿಲ್ಲ? ಅದರ ಬೆಲೆಯನ್ನು ಸರ್ಕಾರ ಕಟ್ಟಿಹಾಕಿದೆ. ಉಳಿದದ್ದನ್ನು ಸಬ್ಸಿಡಿಯಾಗಿ ತುಂಬುತ್ತದೆ. 2022-23ರಲ್ಲಿ ಗೊಬ್ಬರದ ಸಬ್ಸಿಡಿ ಸುಮಾರು 2.5 ಲಕ್ಷ ಕೋಟಿ ರೂಪಾಯಿ ಮುಟ್ಟಿತು. ಅಂಗಡಿಯಲ್ಲಿ ಕಾಣದ ಬೆಲೆ ಬಜೆಟ್ಟಿನಲ್ಲಿ ಇತ್ತು.

ಗುಬ್ಬಿಯ ಕಾರ್ಖಾನೆ

1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಯುದ್ಧಕಾಲದಲ್ಲಿ ಅದು ಅಮೆರಿಕದ ವಿಮಾನಗಳ ರಿಪೇರಿ ಕೇಂದ್ರವಾಯಿತು. ಮುಂದೆ ಅದೇ ಎಚ್‌ಎಎಲ್ ಆಯಿತು. 1962ರ ಚೀನಾ ಯುದ್ಧವಾಗಿ ಎರಡು ವರ್ಷಕ್ಕೆ ಭಾರಿ ಯಂತ್ರ ತಯಾರಿಸುವ ಬಿಇಎಂಎಲ್ ಬಂತು, ಕೆಜಿಎಫ್‌ನಲ್ಲಿ ಅದರ ಘಟಕ ನಿಂತಿತು.

ಅದೇ ಸಾಲಿನಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಶುರುವಿನಲ್ಲಿ ವರ್ಷಕ್ಕೆ 30 ಹೆಲಿಕಾಪ್ಟರ್ ತಯಾರಿಸುವ ಗುರಿ. 2025ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯ 156 'ಪ್ರಚಂಡ್' ಯುದ್ಧ ಹೆಲಿಕಾಪ್ಟರ್‌ಗಳಿಗೆ ಎಚ್‌ಎಎಲ್ ಜೊತೆ ಒಪ್ಪಂದ ಮಾಡಿಕೊಂಡಿತು. ಅವು ಬೆಂಗಳೂರು ಮತ್ತು ತುಮಕೂರಿನಲ್ಲಿ ತಯಾರಾಗಬೇಕು.

ಇಂಥ ಕಾರ್ಖಾನೆಯ ಮುಖ್ಯ ಗಿರಾಕಿ ಸರ್ಕಾರ. ಗಡಿಯ ಸ್ಥಿತಿ, ಬಜೆಟ್, ಎದುರಾಳಿಯ ಹೊಸ ಆಯುಧ, ಇವುಗಳ ಮೇಲೆ ಆರ್ಡರ್ ನಿಂತಿರುತ್ತದೆ. ಉಕ್ರೇನಿನಲ್ಲಿ ಅಗ್ಗದ ಡ್ರೋನ್‌ಗಳು ಕೋಟ್ಯಂತರ ರೂಪಾಯಿಯ ಟ್ಯಾಂಕುಗಳನ್ನು ಸುಟ್ಟ ಮೇಲೆ ಎಲ್ಲ ದೇಶದ ಸೇನೆಗಳೂ ತಮ್ಮ ಖರೀದಿಯ ಪಟ್ಟಿಯನ್ನು ಮತ್ತೆ ತೂಗಿ ನೋಡುತ್ತಿವೆ. ಗುಬ್ಬಿ, ನಿಟ್ಟೂರಿನ ಐಟಿಐ ಓದಿದ ಹುಡುಗ ಹುಡುಗಿಯರ ಕೆಲಸದ ಲೆಕ್ಕಾಚಾರದೊಳಗೂ ಈ ತೂಗಾಟ ಈಗ ಸೇರಿಕೊಂಡಿದೆ.